ಹತ್ತು ಗುಳಿಗೆ, ಒಂದು ಬಟ್ಟಲು ನೀರು

ವಾಡಿ ಜಂಕ್ಷನ್

ಪೋರ್ಚುಗಲ್ಲಿಗೆ ಹೋಗುವವರು ಸಮುದ್ರ ನೋಡಲು ಹೋಗುತ್ತಾರೆ. ನಾವು ಭಟ್ಟಿ ನೋಡಲು ಹೋದೆವು.

ವಾಡಿ ಸ್ಟೇಷನ್ನಿನಲ್ಲಿ ನಿಂತು ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ. ಅಲ್ಲಿ ಕಣ್ಣೆತ್ತಿದರೆ ಸಿಮೆಂಟಿನ ಚಿಮಣಿ. ಭಟ್ಟಿಗೆ ನಮ್ಮಲ್ಲೇನು ಕೊರತೆ? ಆದರೆ ಅದು ಗುಡ್ಡ ನುಂಗುವ ಭಟ್ಟಿ. ನಮಗೆ ಬೇಕಿದ್ದದ್ದು ಬೆರಳಿನ ತುದಿಯಷ್ಟು ದೊಡ್ಡ ಗುಳಿಗೆಗಳನ್ನು ಸಾವಿರದ ಇನ್ನೂರು ಡಿಗ್ರಿ ದಾಟಿಸಿ ಸುಡುವ, ಹೇಳಿದಷ್ಟೇ ನಿಧಾನವಾಗಿ ಏರಿ ಹೇಳಿದಷ್ಟೇ ನಿಧಾನವಾಗಿ ಇಳಿಯುವ ಒಂದು ಸಣ್ಣ ಭಟ್ಟಿ. ನಾನು ರಸಾಯನಶಾಸ್ತ್ರ ಕಲಿಸುವ ಸೇಡಂನ ಕಾಲೇಜಿನಲ್ಲೂ ಒಂದಿದೆ. ಸಾವಿರಕ್ಕೆ ಬಂದ ಕೂಡಲೇ ಅದು ಉಸ್ಸೆಂದು ಕೂತುಬಿಡುತ್ತದೆ.

ಗುಳಿಗೆ ಎಂದರೆ ನುಂಗುವ ಗುಳಿಗೆಯಲ್ಲ. ಮುರಿದು ಚೂರಾದ, ಇಲ್ಲವೇ ರೋಗಕ್ಕೆ ಕತ್ತರಿಸಿ ತೆಗೆದ ಎಲುಬಿನ ಜಾಗದಲ್ಲಿ ತುಂಬುವ ಕ್ಯಾಲ್ಸಿಯಂ ಫಾಸ್ಫೇಟ್ ಪಿಂಗಾಣಿಯ ತುಂಡುಗಳು. ನಮ್ಮ ಎಲುಬೂ ಬಹುಪಾಲು ಅದೇ ಸರಕು, ಹಾಗಾಗಿ ಮೈ ಇದನ್ನು ಪರರ ಮನೆಯದೆಂದು ಹೊರಗೆ ಹಾಕುವುದಿಲ್ಲ. ತಕರಾರು ಒಂದೇ. ಹೊಸ ಎಲುಬು ಒಳಹೊಕ್ಕು ಬೆಳೆಯಬೇಕಾದರೆ ಗುಳಿಗೆಯ ತುಂಬ ಸಣ್ಣ ಸಣ್ಣ ತೂತಿರಬೇಕು. ತೂತಿದ್ದರೆ ಪಟಕ್ಕನೆ ಮುರಿಯುತ್ತದೆ. ತೂತು ಮುಚ್ಚಿದರೆ ಗಟ್ಟಿಯಾಗುತ್ತದೆ, ಆದರೆ ಎಲುಬಿಗೆ ಬಾಗಿಲಿಲ್ಲ. ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ನನ್ನ ಐದು ವರ್ಷ ಹೋಗಿವೆ.

ಜೊತೆಗೆ ಹೊರಟವರು ಮೈಬೂಬ್ ಚಾಚಾ. ವಾಡಿಯ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಪರೀಕ್ಷಾ ಕೋಣೆಯಲ್ಲಿ ಮೂವತ್ತು ವರ್ಷ ಗಟ್ಟಿತನ ಅಳೆಯಲು ಸಿಮೆಂಟಿನ ಕ್ಯೂಬು ಒಡೆದು, ನಿವೃತ್ತರಾಗಿ, ಮನೆಯಲ್ಲಿ ಕೂತರೆ ಕೈ ತುರಿಸುತ್ತದೆ ಎಂದು ನಮ್ಮ ಲ್ಯಾಬಿಗೆ ಸಹಾಯಕರಾಗಿ ಬಂದವರು. ಬಂದ ಮೊದಲ ವಾರ ನನ್ನ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಮೇಡಂ, ನೀವು ಬರೇ ಖಡಿ ಹಾಕಾಕತ್ತೀರಿ. ಖಡಿ ನಡುವ ಉಸುಕ ಕುಂದರ್ಬೇಕಲ್ರಿ?"

ನಾನು ಐದು ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚು ಆ ಒಂದು ಮಾತಿನಲ್ಲಿತ್ತು. ದಪ್ಪ ಪುಡಿ, ಅದರ ಸಂದಿಗೆ ನುಣ್ಣನೆಯ ಪುಡಿ. ಗುಳಿಗೆಯ ಗೋಡೆಗಳು ಗಟ್ಟಿಯಾದವು. ತೂತಿಗೆ ಜೋಳದ ಹಿಟ್ಟು ಬೆರೆಸಿದೆವು. ಭಟ್ಟಿಯಲ್ಲಿ ಹಿಟ್ಟು ಸುಟ್ಟುಹೋಗುತ್ತದೆ, ಅದಿದ್ದ ಜಾಗ ಖಾಲಿ ಉಳಿಯುತ್ತದೆ. ಈ ಜೋಳದ ಉಪಾಯ ನನ್ನದು ಎಂದು ನಾನು ಹೇಳುತ್ತೇನೆ. ಚಿಂಚೋಳಿಯ ತವರಿನಿಂದ ಜೋಳ ತರಿಸುವ ತಮ್ಮ ಹೆಂಡತಿಯದು ಎಂದು ಚಾಚಾ ಹೇಳುತ್ತಾರೆ. ಗುಳಿಗೆಗೆ ಬೇಕಾದ ಸುಣ್ಣದ, ಎಂದರೆ ಕ್ಯಾಲ್ಸಿಯಂನ, ಮೂಲ ಮಾತ್ರ ವಿವಾದವಿಲ್ಲದ್ದು: ಸ್ಟೇಷನ್ ಹೊರಗಿನ ಆಮ್ಲೆಟ್ ಬಂಡಿಗಳಿಂದ ಚಾಚಾ ಆಯ್ದು ತರುವ ತತ್ತಿಯ ಚಿಪ್ಪು. ಶಹಾಬಾದದ ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದಕ್ಕೂ ಹೊಸ್ತಿಲ ಒಳಗೆ ಪ್ರವೇಶವಿಲ್ಲ. ನಾನು ವಿದೇಶಕ್ಕೆ ಹೊರಟದ್ದು 'ಸುಣ್ಣದ ಕೆಲಸಕ್ಕೆ' ಎಂದು ಅವ್ವನಿಗೆ ತಿಳಿಸಲಾಗಿತ್ತು.

ಕರೆದಿದ್ದವರು ಪೋರ್ಚುಗಲ್ಲಿನ ಅವೈರು ಎಂಬ ಊರಿನ ಪ್ರೊಫೆಸರ್ ಲುರ್ದೆಸ್. ಅವರ ಪತ್ರ ಸಣ್ಣದು, ಖಡಕ್ಕಾದದ್ದು. ಸುಡದ ಗುಳಿಗೆ ತನ್ನಿ, ನನ್ನ ಭಟ್ಟಿಯಲ್ಲಿ ಸುಡಿ. ಶುಕ್ರವಾರ ಒಡೆದು ನೋಡೋಣ. ನನ್ನ ಗೋಡೆಯ ಮೇಲಿನ ಕೆಂಪು ಗೆರೆ ದಾಟಿದರೆ ವರ್ಷಕ್ಕೊಂದು ತಿಂಗಳು ಭಟ್ಟಿ ನಿಮ್ಮದು, ಮುಂದಿನ ಕೆಲಸ ಕೂಡಿ ಮಾಡೋಣ. ದಾಟದಿದ್ದರೆ ಊರು ನೋಡಿಕೊಂಡು ಹೋಗಿ. ಇತ್ತ ನಮ್ಮ ಪ್ರಿನ್ಸಿಪಾಲರು ಆಗಲೇ ಲ್ಯಾಬಿನ ಉದ್ದಗಲ ಅಳೆದಿದ್ದರು. ಪ್ರಶ್ನೆಪತ್ರಿಕೆಯ ಕಪಾಟು ಇಡಲು ಅವರಿಗೆ ಜಾಗ ಬೇಕಿತ್ತು. ಶುಕ್ರವಾರ ಗೆರೆ ದಾಟಿದರೆ ಭಟ್ಟಿ, ಇಲ್ಲದಿದ್ದರೆ ಕಪಾಟು.

ಓದುವವರಿಗೆ ಒಂದು ಎಚ್ಚರಿಕೆ. ನಾನು ದಿನಚರಿ ಬರೆಯುತ್ತೇನೆ, ಆದರೆ ಅದನ್ನು ನಂಬುವುದಿಲ್ಲ. ಚಾಚಾ ದಿನಚರಿ ಬರೆಯುವುದಿಲ್ಲ, ಆದರೆ ಅವರು ಹೇಳಿದ್ದನ್ನೆಲ್ಲ ಜನ ನಂಬುತ್ತಾರೆ. ಕೆಳಗಿನದು ಇಬ್ಬರ ನಡುವೆ ಎಲ್ಲೋ ಇದೆ.

ಹೈದರಾಬಾದಿನ ರೈಲು ಚಿತ್ತಾಪುರ ದಾಟುವಾಗ ಚಾಚಾ ಬುತ್ತಿ ಬಿಚ್ಚಿದರು. ಸೇಡಂ ಬರುವಷ್ಟರಲ್ಲಿ ಮುಗಿಸಿದರು. ಮೂರು ದಿನದ ಬುತ್ತಿ ಅದು.

ಲಿಸ್ಬನ್ ವಿಮಾನ ನಿಲ್ದಾಣ

ಗುಳಿಗೆಗಳನ್ನು ಎಲ್ಲಿ ಇಟ್ಟಿದ್ದೆವು ಎಂದರೆ, ಚಾಚಾನ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ. ಮೇಲಿನ ಅಂತಸ್ತಿನಲ್ಲಿ ಹತ್ತಿಯ ಮೇಲೆ ಮಲಗಿದ ಹದಿನೆಂಟು ಬಿಳಿ ಗುಳಿಗೆ. ನಡುವೆ ಬಿಳಿ ಪುಡಿ. ಕೆಳಗೆ ಜೋಳದ ಹಿಟ್ಟು. ಕಸ್ಟಮ್ಸ್ ಅಧಿಕಾರಿ ಒಂದೊಂದೇ ಅಂತಸ್ತು ಎತ್ತಿ ನೋಡಿದ. ಅವನ ಹುಬ್ಬೂ ಒಂದೊಂದೇ ಅಂತಸ್ತು ಏರಿತು.

"ಇದೇನು?"

"ಎಲುಬು," ಎಂದೆ. ಅವನು ಇನ್ನೊಬ್ಬನನ್ನು ಕರೆದ.

ನಾನು ಪತ್ರಗಳನ್ನು ಹುಡುಕುವಷ್ಟರಲ್ಲಿ ಚಾಚಾ ಮುಂದೆ ಬಂದು, ಕೆಳಗಿನ ಡಬ್ಬಿಯಿಂದ ಒಂದು ಚಿಟಿಕೆ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡರು. ಚಪ್ಪರಿಸಿದರು. ಡಬ್ಬಿಯನ್ನು ಅಧಿಕಾರಿಯ ಮುಂದೆ ಚಾಚಿ, "ತೊಗೊಳ್ರಿ ಸಾಹೇಬ್ರ, ಚಿಂಚೋಳಿ ಜ್ವಾಳ" ಎಂದರು.

ಅವನು ತಿಂದನೇ? ನನ್ನ ನೆನಪಿನಲ್ಲಿ ತಿಂದ, ಕೆಮ್ಮಿದ, ನಕ್ಕ, ಮೊಹರು ಒತ್ತಿದ. ಚಾಚಾನ ನೆನಪಿನಲ್ಲಿ ಅವನು ನಡುವಿನ ಡಬ್ಬಿಗೆ ಕೈಹಾಕಿದ, ಇವರು ಫಟ್ಟನೆ ಮುಚ್ಚಳ ಹಾಕಿದರು, ಅವನಿಗೆ ಸಿಟ್ಟು ಬಂತು, ನಾನು ಅಳುವುದೊಂದು ಬಾಕಿ. ಎರಡರಲ್ಲೂ ನಾವು ಹೊರಗೆ ಬಂದದ್ದು ನಿಜ.

ಅವೈರು, ಸೋಮವಾರ

ಅಲ್ಲಿಯ ಮನೆಗಳು ಬಚ್ಚಲನ್ನು ಹೊರಮಗ್ಗುಲು ಮಾಡಿ ಹೊಲಿದಂತಿವೆ. ಬೀದಿಗೆ ಮುಖ ಮಾಡಿದ ಗೋಡೆಯ ತುಂಬ ನೀಲಿ, ಹಸಿರು, ಹಳದಿ ಟೈಲ್ಸು. ಚಾಚಾ ಪ್ರತಿ ಗೋಡೆಯನ್ನೂ ಬೆರಳ ಗಂಟಿನಿಂದ ಬಡಿದು ನೋಡುತ್ತ ನಡೆದರು. ಒಂದು ಮನೆಯಲ್ಲಿ ಯಾರೋ ಬಾಗಿಲು ತೆರೆದರು. ಬಡಿದದ್ದು ಗೋಡೆಯನ್ನು ಎಂದು ತಿಳಿಸಲು ನನ್ನಲ್ಲಿ ಭಾಷೆಯಿರಲಿಲ್ಲ.

ಕಾಲುದಾರಿಗೆ ಸುಣ್ಣಕಲ್ಲಿನ ಸಣ್ಣ ಸಣ್ಣ ಬಿಳಿ ಚೂರು ಜೋಡಿಸಿ, ನಡುವೆ ಕರಿ ಕಲ್ಲಿನಿಂದ ಅಲೆ, ಮೀನು ಬರೆಯುತ್ತಾರೆ. ನೂರಾರು ವರ್ಷ ಜನ ತುಳಿದು ಕನ್ನಡಿಯಂತಾಗಿದೆ. ಹನಿ ಮಳೆ ಬಿತ್ತು. ಚಾಚಾ ಕೂತುಬಿಟ್ಟರು, ಎಂದರೆ ಜಾರಿ ಬಿದ್ದರು.

"ಶಾಬಾದಿ ಫರ್ಸಿ ಆಗಿದ್ರ ಹಿಂಗ ಜಾರ್ತಿದ್ದಿಲ್ರಿ," ಎಂದರು, ಬಿದ್ದಲ್ಲಿಂದಲೇ ಕಲ್ಲು ಸವರುತ್ತ.

ನಾನು ಶಹಾಬಾದದವಳು. ನಮ್ಮ ಮನೆಯ ಹಿತ್ತಲಿಗೆ ಹಾಸಿದ ಫರ್ಸಿಕಲ್ಲಿನ ಮೇಲೆ ಮಳೆಗಾಲದಲ್ಲಿ ಎಷ್ಟು ಸೋದರಮಾವಂದಿರು ಜಾರಿದ್ದಾರೆ ಎಂಬುದನ್ನು ಪರದೇಶದಲ್ಲಿ ಹೇಳುವುದು ಬೇಡವೆಂದು ಅವರನ್ನು ಕೈ ಹಿಡಿದು ಎಬ್ಬಿಸಿದೆ.

ಲುರ್ದೆಸ್ ಗಿಡ್ಡ ಹೆಂಗಸು, ಅರವತ್ತರ ಆಸುಪಾಸು, ನಗುವ ಮೊದಲು ಕನ್ನಡಕ ತೆಗೆಯುವವರು. ಬಹಳ ಸಲ ತೆಗೆಯಲಿಲ್ಲ. ಅವರ ಕೋಣೆಯ ಗೋಡೆಯ ಮೇಲೆ ದೊಡ್ಡ ಹಾಳೆ, ಹಾಳೆಯ ಮೇಲೆ ಕೆಂಪು ಗೆರೆ: ಒಡೆಯುವ ಮುನ್ನ ಗುಳಿಗೆ ಹೊರಲೇಬೇಕಾದ ಭಾರ. ಗೆರೆಯ ಮೇಲೆ ಅವರ ಶಿಷ್ಯರು ವರ್ಷಗಟ್ಟಲೆ ಒಡೆದ ಗುಳಿಗೆಗಳ ಚುಕ್ಕಿಗಳು. ಕೆಳಗೆ ಬಿದ್ದವುಗಳನ್ನು ಎಲ್ಲಿ ಗುರುತಿಸಿದ್ದೀರಿ ಎಂದು ಕೇಳಿದೆ. ಹಾಳೆ ಅಲ್ಲಿಗೆ ಮುಗಿಯುತ್ತದೆ ಎಂದರು.

ಚಾಚಾನಿಗೆ ಇಂಗ್ಲಿಷ್ ಬಾರದು. ಲುರ್ದೆಸ್‌ಗೆ ಬರುವುದು ಪೋರ್ಚುಗೀಸ್ ಹಾಡಿನಂಥ ಇಂಗ್ಲಿಷ್. ನಡುವೆ ನಾನು. ಲುರ್ದೆಸ್ ಗುಳಿಗೆಯೊಂದನ್ನು ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ಇದನ್ನು ಒತ್ತಿದ ಕೈ ಅಪರೂಪದ್ದು, ನಿಮ್ಮ ಸಹಾಯಕನಿಗೆ ಹೇಳಿ, ಎಂದರು.

"ಏನಂತಾರ್ರಿ?"

"ಗುಳಿಗಿ ಪರವಾಗಿಲ್ಲ ಅಂತಾರ, ಚಾಚಾ."

ಯಾಕೆ ಹಾಗೆ ಹೇಳಿದೆ? ಈಗಲೂ ಗೊತ್ತಿಲ್ಲ. ಪರವಾಗಿಲ್ಲ ಎನ್ನುವವರು ಕನ್ನಡಕ ತೆಗೆಯುವುದಿಲ್ಲ ಎಂಬುದನ್ನು ಚಾಚಾ ಗಮನಿಸಿದರು. ನನ್ನನ್ನೊಮ್ಮೆ ನೋಡಿದರು. ಸೇಡು ತೀರಿಸಿಕೊಳ್ಳಲು ಅವರಿಗೂ ದಾರಿ ಸಿಕ್ಕಿತು. ಮಧ್ಯಾಹ್ನದ ಊಟಕ್ಕೆ ಅಲ್ಲಿ ಲ್ಯಾಬಿಗೆ ಲ್ಯಾಬೇ ಎದ್ದು ಹೋಗುತ್ತದೆ. ಮೇಜಿಗೆ ಉಪ್ಪಿನಲ್ಲಿ ಒಣಗಿಸಿದ ಮೀನು ಬಂತು. ಶಾಕಾಹಾರಿಯಾದ ನಾನು ಬ್ರೆಡ್ಡು, ಆಲೂಗಡ್ಡೆ ನುಂಗುತ್ತಿದ್ದಾಗ ಚಾಚಾ ಎರಡನೆಯ ತಟ್ಟೆ ಮುಗಿಸಿ, "ಅವ್ವಗ ಹೇಳ್ಲೇನ್ರಿ, ಮೇಡಂ ಮೀನಿನ ಮಗ್ಗಲ್ದಾಗ ಕುಂತು ಉಂಡಾರ ಅಂತ?" ಎಂದರು.

ಸಂಜೆ ಗುಳಿಗೆಗಳು ಭಟ್ಟಿಗೆ ಹೋದವು. ಭಟ್ಟಿಯ ಉಸ್ತುವಾರಿ ರೂಯ್ ಎಂಬ ಮಧ್ಯವಯಸ್ಸಿನವನದು. ಅವನಿಗೆ ಇಂಗ್ಲಿಷೂ ಬಾರದು. ಹಾಗಾಗಿ ಅವನೂ ಚಾಚಾನೂ ಚೆನ್ನಾಗಿ ಮಾತನಾಡಿಕೊಂಡರು.

ಮಂಗಳವಾರ, ಬುಧವಾರ

ಮಂಗಳವಾರ ಬೆಳಿಗ್ಗೆ ಲುರ್ದೆಸ್ ಮಹಡಿಯಿಂದ ಇಳಿದು ಬಂದು ಕೇಳಿದ ಮೊದಲ ಪ್ರಶ್ನೆ: "ನನ್ನ ಭಟ್ಟಿಯಲ್ಲಿ ಬ್ರೆಡ್ಡು ಸುಡುತ್ತಿರುವವರು ಯಾರು?"

ಜೋಳದ ಹಿಟ್ಟು ಸುಡತೊಡಗಿತ್ತು. ಇಡೀ ಕಟ್ಟಡದಲ್ಲಿ ತವೆಯ ಮೇಲೆ ಮರೆತ ರೊಟ್ಟಿಯ ವಾಸನೆ. ಪಕ್ಕದ ವಿಭಾಗದವರು ಮೂಗು ಮುಂದೆ ಮಾಡಿಕೊಂಡು ಬಂದರು. ಒಬ್ಬಾಕೆ ಕೈಯಲ್ಲಿ ಬೆಣ್ಣೆಯ ಡಬ್ಬಿ ಹಿಡಿದಿದ್ದಳು ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಇದನ್ನು ನಾನು ನಂಬುವುದಿಲ್ಲ, ಅಳಿಸುವುದೂ ಇಲ್ಲ. ಚಾಚಾ ಭಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ಎರಡೇ ಶಬ್ದ ಹೇಳಿದರು. "ಮನಿ ನೆನಪಾತು."

ಬುಧವಾರ ಭಟ್ಟಿ ಆರಿತು. ಹದಿನೆಂಟರಲ್ಲಿ ಹತ್ತು ಇಡಿಯಾಗಿ ಹೊರಬಂದವು. ಐದು ಒಳಗೇ ಬಿರಿದಿದ್ದವು. ಒಂದು ರೂಯ್‌ನ ಚಿಮಟದಿಂದ ಜಾರಿತು. ಉಳಿದೆರಡರ ವಿಷಯದಲ್ಲಿ ಚಾಚಾ ನನ್ನ ಕಡೆ ಬೆರಳು ತೋರುತ್ತಾರೆ, ನಾನು ಅವರ ಕಡೆ.

ಆ ಸಂಜೆ ಊರಿನ ಹೆಸರಾಂತ ಸಿಹಿ ತಿನ್ನಲು ಹೋದೆವು. ತತ್ತಿಯ ಹಳದಿಗೆ ಸಕ್ಕರೆ ಪಾಕ ಸೇರಿಸಿ, ತೆಳ್ಳಗಿನ ಬಿಳಿ ಹಾಳೆಯಂಥ ಪದರಿನಲ್ಲಿ ಮೀನು, ಶಂಖದ ಆಕಾರಕ್ಕೆ ತುಂಬುತ್ತಾರೆ. ನಾನು ನೋಡಿದೆ, ಚಾಚಾ ತಿಂದರು. ಮೂರನೆಯದನ್ನು ತಿನ್ನುವಾಗ ಅವರ ದವಡೆ ನಿಂತಿತು.

"ಮೇಡಂ, ಇಷ್ಟ ತತ್ತಿ ಒಡೀತಾರಲ್ಲ, ಚಿಪ್ಪೆಲ್ಲಾ ಎಲ್ಲಿ ಹೋಗ್ತದ? ಕೇಳ್ರಿ ಆಕೀಗಿ."

ಅಂಗಡಿಯಾಕೆಗೆ ಚಿಪ್ಪು ಬೇಕು ಎಂದು ಕೈಸನ್ನೆ ಮಾಡಿದೆ. ಸಿಹಿ ಬೇಡ, ಚಿಪ್ಪು ಸಾಕು ಎನ್ನುವ ಗಿರಾಕಿಯನ್ನು ಆಕೆ ಹಿಂದೆ ಕಂಡಿರಲಿಲ್ಲ. ಪಾಪ, ಕೊಳ್ಳಲು ಕೈಲಾಗದವರೆಂದು ತಿಳಿದು ನನ್ನ ಮುಂದೆ ಇನ್ನೊಂದು ಸಿಹಿ ಇಟ್ಟು, ತಿನ್ನುವವರೆಗೆ ನಿಂತಳು. ಅದನ್ನು ನಾನು ತಿಂದೆನೋ ಇಲ್ಲವೋ ಎಂಬುದು ಈ ಪ್ರವಾಸದಲ್ಲಿ ನನಗೆ ಖಚಿತವಾಗಿ ನೆನಪಿರುವ ಕೆಲವೇ ಸಂಗತಿಗಳಲ್ಲೊಂದು. ಬರೆಯುವುದಿಲ್ಲ. ಅವ್ವ ಓದುತ್ತಾಳೆ.

ಗುರುವಾರ

ಗುರುವಾರ ಲುರ್ದೆಸ್ ನನ್ನನ್ನು ಉಪ್ಪಿನ ಗದ್ದೆಗಳಿಗೆ ಕರೆದೊಯ್ದರು. ಸಮುದ್ರದ ನೀರನ್ನು ಮಡಿ ಕಟ್ಟಿ ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ಕುಂಟೆಯಂಥ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ದಂಡೋತಿಯ ಕಡೆ ಹೊಲದಲ್ಲಿ ಕಾಗಿಣಾ ನದಿಯ ನೀರು ಉಕ್ಕಿ ನಿಂತರೆ ರೈತರು ಹಣೆ ಬಡಿದುಕೊಳ್ಳುತ್ತಾರೆ. ಇಲ್ಲಿ ಗದ್ದೆಯಲ್ಲಿ ನೀರು ನಿಲ್ಲಲೆಂದೇ ಬದು ಕಟ್ಟಿದ್ದಾರೆ. ಸುತ್ತ ಅಷ್ಟು ನೀರಿದ್ದರೂ ನನ್ನ ತಲೆಯಲ್ಲಿ ನೀರಿನ ವಿಚಾರ ಬರಲಿಲ್ಲ.

ಚಾಚಾನನ್ನು ಲ್ಯಾಬಿನಲ್ಲಿ ಬಿಟ್ಟು ಬಂದಿದ್ದೆ. ಹತ್ತು ಗುಳಿಗೆಗಳ ಉದ್ದ, ದಪ್ಪ, ತೂಕ ಬರೆದಿಡಿ, ನಾಳೆ ಒಡೆಯಲು ತಯಾರು ಮಾಡಿಡಿ ಎಂದು ಹೇಳಿದ್ದೆ. ತಯಾರು ಮಾಡುವುದು ಎಂದರೇನು ಎಂದು ಅವರು ಕೇಳಲಿಲ್ಲ. ಮೂವತ್ತು ವರ್ಷ ಅದೇ ಕೆಲಸ ಮಾಡಿದವರಿಗೆ ನಾನೂ ಹೇಳಲಿಲ್ಲ.

ಶುಕ್ರವಾರ

ಬೆಳಿಗ್ಗೆ ಲ್ಯಾಬಿಗೆ ಹೋದಾಗ ಚಾಚಾ ಜುಮ್ಮಾ ನಮಾಜಿನ ದಿನವೆಂದು ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಮೇಜಿನ ಮುಂದೆ ಮದುವೆಗೆ ಬಂದವರಂತೆ ಕೂತಿದ್ದರು. ಮೇಜಿನ ಮೇಲೆ ಒಂದು ಗಾಜಿನ ಬಟ್ಟಲು. ಬಟ್ಟಲ ಮೇಲೆ ಅವರ ಒದ್ದೆ ಕರವಸ್ತ್ರ. ನಾನು ಕರವಸ್ತ್ರ ಎತ್ತಿದೆ. ನೀರೊಳಗೆ ಹತ್ತು ಗುಳಿಗೆ, ತಣ್ಣಗೆ.

"ಚಾಚಾ! ಏನ್ ಮಾಡೀರಿ ಇದು?"

"ತಯಾರ್ ಮಾಡೀನ್ರಿ. ನಿನ್ನಿ ಮಧ್ಯಾನ್ನದಿಂದ ನೆನ್ಯಾಕತ್ತಾವ."

"ನೀರಾಗ ಯಾಕ ಹಾಕಿದ್ರಿ?"

"ಒಣಾ ಕ್ಯೂಬ್ ಯಾರ್ ಒಡೀತಾರ್ರಿ? ನೀರಿನ ಹೌದದಾಗಿಂದ ತಗೀಬೇಕು, ಅರಿವೀಲೆ ಒರಸ್ಬೇಕು, ಮಷೀನಿಗಿ ಇಡ್ಬೇಕು. ಒಣಾ ಒಡದ್ರ ನಮ್ಮ ಸಾಹೇಬ್ರು ರಿಜಿಸ್ಟರ್ ಮಾರಿ ಮ್ಯಾಲ ಒಗೀತಿದ್ರು."

"ಇದು ಸಿಮೆಂಟ್ ಅಲ್ಲ ಚಾಚಾ!"

"ಮತ್ತೇನ್ರಿ? ಸುಣ್ಣ ಅದ. ಸುಟ್ಟೀವಿ. ಒಡ್ಯಾಕತ್ತೀವಿ."

ವಾಡಿಯ ಸುತ್ತಮುತ್ತ ಹುಟ್ಟಿದವರಿಗೆ ಮಾತ್ರ ಆಗುವ ತಪ್ಪು ಇದು. ನಮ್ಮಲ್ಲಿ ಹೊಸದಾಗಿ ಕಟ್ಟಿದ್ದು ಏನು ಕಂಡರೂ ಜನ ನೀರು ಹೊಡೆಯುತ್ತಾರೆ. ಸಿಮೆಂಟು ನೀರು ಕುಡಿದಷ್ಟೂ ಗಟ್ಟಿ. ಆದರೆ ಸುಟ್ಟ ಪಿಂಗಾಣಿಯ ಸಂಗತಿ ಬೇರೆ. ನೀರು ತೂತಿನಿಂದ ಒಳಹೊಕ್ಕು, ಕಣ್ಣಿಗೆ ಕಾಣದ ಬಿರುಕುಗಳ ತುದಿಯಲ್ಲಿ ಕೂತು, ಭಾರ ಬಿದ್ದ ಕೂಡಲೇ ಬಿರುಕಿಗೆ ದಾರಿ ಮಾಡಿಕೊಡುತ್ತದೆ. ಒದ್ದೆಯಾದ ಗುಳಿಗೆ ಒಣಗಿದ್ದಕ್ಕಿಂತ ಬೇಗ ಒಡೆಯುತ್ತದೆ. ಲುರ್ದೆಸ್‌ರ ಗೋಡೆಯ ಮೇಲಿದ್ದ ಚುಕ್ಕಿಗಳೆಲ್ಲ ಒಣ ಗುಳಿಗೆಗಳವು.

ನನಗೆ ಮೊದಲು ಹೊಳೆದದ್ದು ಒಣಗಿಸುವ ಪೆಟ್ಟಿಗೆ. ಲುರ್ದೆಸ್ ಬರುವುದು ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ಹದವಾದ ಕಾವಿನಲ್ಲಿ ನೀರೆಲ್ಲ ಆರಿ, ಕಳೆದುಹೋದ ಬಲ ಬಹುಮಟ್ಟಿಗೆ ಮರಳುತ್ತದೆ. ಯಾರಿಗೂ ತಿಳಿಯುವುದಿಲ್ಲ. ಹತ್ತನ್ನೂ ತಟ್ಟೆಗೆ ಸುರಿದೆ. ಚಾಚಾ ಐದನ್ನು ಎತ್ತಿ ವಾಪಸು ಬಟ್ಟಲಿಗೆ ಹಾಕಿಕೊಂಡರು.

"ನಿಮ್ಮ ಐದು ನೀವು ಒಣಗಸ್ರಿ. ನನ್ನ ಐದು ನಾ ನನ್ನ ಪದ್ಧತಿ ಪ್ರಕಾರ ಒಡೀತೀನಿ."

ಜಗಳವಾಡಬಹುದಿತ್ತು. ಆಡಲಿಲ್ಲ. ಯಾಕೆಂದರೆ ನನಗೂ ಒಳಗೊಳಗೇ ನೋಡಬೇಕೆನ್ನಿಸಿತ್ತು. ಹತ್ತೂವರೆಗೆ ರೂಯ್ ಒಡೆಯುವ ಯಂತ್ರ ಚಾಲೂ ಮಾಡಿದ. ಐದು ಒದ್ದೆ ಗುಳಿಗೆ, ಐದು ಸಲ ಚಟ್. ಐದೂ ಕೆಂಪು ಗೆರೆಯ ಕೆಳಗೆ. ಒಂದಂತೂ ಬಹಳ ಕೆಳಗೆ. ಚಾಚಾ ಪ್ರತಿ ಸಲವೂ ಮನೆಯಿಂದ ತಂದಿದ್ದ ಉದ್ದ ರಿಜಿಸ್ಟರಿನಲ್ಲಿ ದುಂಡಗೆ ಬರೆದುಕೊಂಡರು.

ಮೂರಕ್ಕೆ ಲುರ್ದೆಸ್ ಬಂದರು. ಒಣಗಿದ ಐದನ್ನು ಒಡೆದೆವು. ನಾಲ್ಕು ಗೆರೆ ದಾಟಿದವು. ಐದನೆಯದು ಗೆರೆಯ ಮೇಲೆಯೇ ಕೂತಿತು. ಅವರು ಕನ್ನಡಕ ತೆಗೆದರು. ನನ್ನ ಕೈ ಹಿಡಿದು ಕುಲುಕಿದರು. ಭಟ್ಟಿ ಯಾವ ತಿಂಗಳು ಬೇಕು ಎಂದೂ ಕೇಳಿದರು. ಸೇಡಂನ ಕಪಾಟು ನನ್ನ ಕಣ್ಣ ಮುಂದೆ ಕಾಲು ಮೂಡಿ ಓಡತೊಡಗಿತು.

ಆಗ ಚಾಚಾ ರಿಜಿಸ್ಟರ್ ತೆರೆದು ಅವರ ಮುಂದೆ ಹಿಡಿದರು. ಪರೀಕ್ಷೆ ಮುಗಿದ ಮೇಲೆ ಸಾಹೇಬರ ಸಹಿ ಹಾಕಿಸುವುದು ಅವರ ರೂಢಿ, ಅಷ್ಟೇ. ಅಕ್ಷರ ಕನ್ನಡದವು, ಲುರ್ದೆಸ್‌ಗೆ ತಿಳಿಯುವಂತಿರಲಿಲ್ಲ. ಆದರೆ ಸಾಲುಗಳು ಹತ್ತು. ಅವರ ಕಣ್ಣೆದುರು ಒಡೆದದ್ದು ಐದೇ.

"ಉಳಿದ ಐದು?"

ಇಲ್ಲಿಂದ ಮುಂದಿನದನ್ನು ನಾನು ಈಗಾಗಲೇ ಮೂರು ರೀತಿ ಹೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಚಾಚಾ ಎದೆ ಸೆಟೆಸಿ, "ಮೈಯಾಗ ಎಲುಬು ಒಣಗಿರ್ತದೇನ್ರಿ?" ಎಂದು ಕೇಳುತ್ತಾರೆ, ಪ್ರೊಫೆಸರ್ ಬೆರಗಾಗುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮನೆಯಲ್ಲಿ ಹೇಳಿದಾಗ ಅದೇ ಮಾತನ್ನು ನಾನು ಹೇಳುತ್ತೇನೆ, ಚಪ್ಪಾಳೆ ಇರುವುದಿಲ್ಲ, ಏಕೆಂದರೆ ಅವ್ವನಿಗೆ ಚಪ್ಪಾಳೆಯಲ್ಲಿ ನಂಬಿಕೆಯಿಲ್ಲ. ಮೂರನೆಯದರಲ್ಲಿ ರೂಯ್ ಅಳುತ್ತಾನೆ. ಅದನ್ನು ಯಾಕೆ ಸೇರಿಸಿದೆನೋ ಗೊತ್ತಿಲ್ಲ.

ನಡೆದದ್ದು ಹೆಚ್ಚೂಕಡಿಮೆ ಹೀಗೆ.

"ಏನ್ ಕೇಳಾಕತ್ತಾರ್ರಿ?" ಎಂದರು ಚಾಚಾ.

ನಾನು ಏನು ಬೇಕಾದರೂ ಹೇಳಬಹುದಿತ್ತು, ಇಬ್ಬರಿಗೂ. ಅಳತೆಯಲ್ಲಿ ತಪ್ಪಿದವು, ಸಾಗಿಸುವಾಗ ಬಿರಿದವು, ಯಂತ್ರ ಸರಿಮಾಡಲು ಬಳಸಿದೆವು. ಸುಳ್ಳುಗಳು ಸಾಲುಗಟ್ಟಿ ನಿಂತಿದ್ದವು, ಎಲ್ಲಕ್ಕೂ ಬಿಳಿ ಕೋಟು.

"ಉಳಿದ ಐದು ಎಲ್ಲಿ ಅಂತ."

"ಹೇಳ್ರಿ ಮತ್ತ. ನೀರಾಗ ಹಾಕಿದಾಂವ ನಾನ ಅಂತ ಹೇಳ್ರಿ. ಅದಕ್ಕೇನದ?"

ಅವರಿಗೆ ಅದರಲ್ಲಿ ಕಳೆದುಕೊಳ್ಳುವುದೇನೂ ಕಾಣಲಿಲ್ಲ. ರಿಜಿಸ್ಟರಿನಲ್ಲಿ ಬರೆದಾಗಿದೆ, ಇನ್ನೇನು? ಅವರ ಮುಖ ನೋಡಿಕೊಂಡು ಸುಳ್ಳು ಹೇಳುವುದು ಕಷ್ಟವಾಯಿತು. ಒಳ್ಳೆಯತನದಿಂದಲ್ಲ. ಅವರು ಆ ಹತ್ತು ಸಾಲನ್ನು ಮುಂದೆಯೂ ಎಲ್ಲರಿಗೂ ತೋರಿಸುತ್ತಲೇ ಇರುತ್ತಾರೆ ಎಂಬ ಭಯದಿಂದ. ಹೇಳಿಬಿಟ್ಟೆ. ಐದನ್ನು ಒದ್ದೆಯಾಗಿಯೇ ಒಡೆದೆವು, ಐದೂ ಗೆರೆಯ ಕೆಳಗೆ ಬಿದ್ದವು. ಒಣಗಿದ ಐದೂ ಮೊದಲು ನೆನೆದವೇ.

ಅಷ್ಟಕ್ಕೇ ನಿಲ್ಲಿಸಲಾರದೆ ನಾನೇ ಮುಂದುವರಿಸಿದೆ: "ಹಾಗೆ ನೋಡಿದರೆ ಮೈಯೊಳಗೆ ಎಲ್ಲವೂ ಒದ್ದೆಯೇ ಅಲ್ಲವೇ." ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಹಿಡಿದಂತೆ ಹೊರಬಂದ ಮಾತು ಅದು. ಆಮೇಲೆ ಅದು ಚೆನ್ನಾಗಿದೆ ಅನ್ನಿಸಿ ಚಾಚಾನ ಬಾಯಿಗೆ ಹಾಕಿದ್ದೇನೆ.

ಲುರ್ದೆಸ್ ಬೆರಗಾಗಲಿಲ್ಲ. ಕನ್ನಡಕ ಹಾಕಿಕೊಂಡರು.

"ನನಗೆ ಗೊತ್ತು," ಎಂದರು. "ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಒಣಗಿದ್ದನ್ನು ಒಡೆದರೆ ಅಂಕಿ ಚಂದ ಕಾಣುತ್ತದೆ. ಗೋಡೆಯೂ ಚಂದ ಕಾಣುತ್ತದೆ."

ಆಮೇಲೆ ಮೇಜಿನ ಕೆಳಗಿನ ಖಾನೆ ಎಳೆದು ಒಂದು ಪೆಟ್ಟಿಗೆ ತೆಗೆದರು. ಅವರ ಶಿಷ್ಯರು ಮಾಡಿದ್ದರಲ್ಲೇ ಉತ್ತಮವಾದ ಗುಳಿಗೆಗಳು, ಯಾವುದೋ ಸಮ್ಮೇಳನಕ್ಕೆಂದು ಕಾದಿರಿಸಿದ್ದವು. ಐದನ್ನು ಎಣಿಸಿ ಚಾಚಾನ ಬಟ್ಟಲಿಗೆ ಬಿಟ್ಟರು. ನೀರೊಳಗಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ಚಾಚಾ ತಮ್ಮ ಕರವಸ್ತ್ರ ಹೊದಿಸಿದರು, ಬಹಳ ಮರ್ಯಾದೆಯಿಂದ.

"ಸೋಮವಾರ ಒಡೆಯುತ್ತೇನೆ," ಎಂದರು ಲುರ್ದೆಸ್. "ಭಟ್ಟಿಯ ಮಾತು ಆಮೇಲೆ."

ನಮ್ಮ ವಿಮಾನ ಶನಿವಾರದ್ದು.

ಶನಿವಾರ

ಸ್ಟೇಷನ್ನಿಗೆ ಬಿಡಲು ರೂಯ್ ಬಂದ. ಅವನೂ ಚಾಚಾನೂ ಬೆನ್ನು ತಟ್ಟಿಕೊಂಡು ತಮ್ಮ ತಮ್ಮ ಭಾಷೆಯಲ್ಲಿ ದೀರ್ಘವಾಗಿ ಬೀಳ್ಕೊಂಡರು. ನಾನು ಯಾರಿಗೂ ಬೇಕಾಗಲಿಲ್ಲ. ರೈಲಿನಲ್ಲಿ ಚಾಚಾನ ಮೇಲೆ ಸಿಟ್ಟು ಮಾಡಿಕೊಂಡು ಕೂತೆ. ಅವರು ಅದನ್ನು ಗಮನಿಸದಂತೆ ಕೂತರು. ಲಿಸ್ಬನ್ ಬರುವವರೆಗೂ ಹೀಗೇ. ಕೊನೆಗೆ ಅವರೇ ಕೇಳಿದರು.

"ಬೇಟಾ, ಖರೇ ಹೇಳ್ರಿ. ಅವತ್ತ ಆ ಪ್ರೊಫೆಸರ್ ಬಾಯಿ ನನ್ನ ಗುಳಿಗಿ ನೋಡಿ ಪರವಾಗಿಲ್ಲ ಅಂದಿದ್ರೇನು?"

"ಹೌದು ಚಾಚಾ."

"ಹೂಂ," ಎಂದರು. ನಂಬಲಿಲ್ಲ.

ಮತ್ತೆ ವಾಡಿ

ಸೋಮವಾರ ಸುದ್ದಿ ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಪ್ರಿನ್ಸಿಪಾಲರು ಕಪಾಟನ್ನು ಲ್ಯಾಬಿನ ಹೊರಗೆ, ಗೋಡೆಗೆ ಒರಗಿಸಿ ನಿಲ್ಲಿಸಿದರು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಅದು ಅಲ್ಲೇ ನಿಂತಿತ್ತು.

ಮತ್ತೂ ಕೆಲವು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ಫೋನಿಗೆ ಲುರ್ದೆಸ್‌ರ ಪತ್ರ ಬಂತು. ಫೋನು ಹಿಡಿದುಕೊಂಡೇ ಶಹಾಬಾದದಿಂದ ವಾಡಿಗೆ ಹೋದೆ. ರೈಲ್ವೆ ಕ್ವಾರ್ಟರ್ಸಿನ ಸಾಲಿಗೆ ಹೊಂದಿದ ಮನೆ ಚಾಚಾನದು. ಅಂಗಳದಲ್ಲಿ ಹಗ್ಗ ಹೆಣೆದ ಬಾಜಿನ ಮೇಲೆ ಕೂತು ತತ್ತಿಯ ಚಿಪ್ಪು ಒಣಹಾಕುತ್ತಿದ್ದರು. ಚಾಚಿ ಒಳಗಿನಿಂದಲೇ ಕೂಗಿದರು. "ಬರ್ರಿ, ಕುಂದ್ರಿ, ಛಾ ತರ್ತೀನಿ."

"ಪತ್ರ ಬಂದದ ಚಾಚಾ."

"ಓದ್ರಿ."

ಓದಿದೆ. ಲುರ್ದೆಸ್ ನೆನೆಹಾಕಿದ್ದ ಐದು ಗುಳಿಗೆಗಳೂ ಕೆಂಪು ಗೆರೆಯ ಕೆಳಗೆ ಬಿದ್ದಿದ್ದವು. ಲುರ್ದೆಸ್ ಹಳೆಯ ಹಾಳೆ ಇಳಿಸಿ ಹೊಸದು ಅಂಟಿಸಿದ್ದಾರೆ. ಅದು ನೆನೆದ ಗುಳಿಗೆಗಳಿಗೆ ಮಾತ್ರ, ಗೆರೆ ಮೊದಲಿಗಿಂತ ಕೆಳಗಿದೆ. ನಮ್ಮ ಒದ್ದೆ ಐದರಲ್ಲಿ ಮೂರು ಅದರ ಮೇಲೆ ನಿಲ್ಲುತ್ತವೆ, ಅವರವು ಎರಡು. ಶಿಷ್ಯರು ಅವರ ಜೊತೆ ಮಾತು ಬಿಟ್ಟಿದ್ದಾರಂತೆ. ಮೂರು ಸಾಲದು, ಐದೂ ನಿಲ್ಲಬೇಕು, ಒಂದು ರಾತ್ರಿಯಲ್ಲ, ವಾರಗಟ್ಟಲೆ ನೆನೆದ ಮೇಲೂ ನಿಲ್ಲಬೇಕು. ಅದಕ್ಕೆ ವರ್ಷಕ್ಕೊಂದು ತಿಂಗಳು ಭಟ್ಟಿ ನಿಮ್ಮದು.

"ಭಟ್ಟಿ ಸಿಕ್ತಲ್ಲ!" ಚಾಚಾ ತೊಡೆ ತಟ್ಟಿದರು. "ಸಾಕು. ಆ ಕಪಾಟ ಒಯ್ದು ಪ್ರಿನ್ಸಿಪಾಲ್ರು ತಮ್ಮ ಮನ್ಯಾಗ ಇಟ್ಕೊಳ್ಳಿ. ಯಾವಾಗ ಹೊಂಟ್ರಿ ಮೇಡಂ?"

ಪತ್ರದಲ್ಲಿ ಇನ್ನೂ ಎರಡು ಸಾಲಿತ್ತು. ಈ ವರ್ಷ ಒಬ್ಬರಿಗೆ ಮಾತ್ರ ಟಿಕೆಟ್ಟು ಹೊಂದಿಸಲು ಸಾಧ್ಯ. ರಿಜಿಸ್ಟರ್ ಬರೆಯುವವರನ್ನು ಕಳಿಸಿ.

ಶಹಾಬಾದದ ಸ್ಟೇಷನ್ನಿನಲ್ಲಿ ಓದಿದಾಗಿನಿಂದ ಆ ಎರಡು ಸಾಲು ನನ್ನ ಜೊತೆಗೇ ಪ್ರಯಾಣ ಮಾಡಿದ್ದವು. ಆ ಭಟ್ಟಿಯ ಕನಸು ಐದು ವರ್ಷದಿಂದ ಕಂಡವಳು ನಾನು. ಚಾಚಾನೇ ನನ್ನನ್ನು ಹೊರಡಿಸಿಯಾಗಿತ್ತು. ಫೋನು ಮುಚ್ಚಿ ಚೀಲಕ್ಕೆ ಹಾಕಿ ಛಾ ಕುಡಿದು ಎದ್ದರೆ ಮುಗಿಯಿತು. ಚಾಚಿ ಛಾ ತಂದಿಟ್ಟು ಒಳಗೆ ಹೋದರು. ಛಾದ ಮೇಲೆ ಕೆನೆ ಕಟ್ಟಿತು.

"ನಾನಲ್ಲ ಚಾಚಾ. ಒಬ್ಬರನ್ನೇ ಕರದಾರ. ನಿಮ್ಮನ್ನ."

ಚಾಚಾ ನನ್ನ ಮುಖವನ್ನು ಪುಡಿ ಉಜ್ಜಿ ನೋಡುವವರಂತೆ ನೋಡಿದರು.

"ಸುಳ್ಳ ಹೇಳಬ್ಯಾಡ್ರಿ."

"ಖರೇ ಚಾಚಾ. ಇಲ್ಲೇ ಬರದಾರ."

"ನೀವ್ ಓದೂದು ನಂಗ ಗೊತ್ತದ. ಕೊಡ್ರಿ ಇಲ್ಲಿ."

ನನ್ನ ಕೈಯಿಂದ ಫೋನು ಕಸಿದುಕೊಂಡು, ಚಪ್ಪಲಿ ಮೆಟ್ಟಿ, ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡರ ಬಳಿ ಹೋದರು. ನಾನು ಬಾಜಿನ ಮೇಲೆ ಕೂತೇ ಇದ್ದೆ. ಗೋಡೆಯಾಚೆ ಗಾರ್ಡ್ ಸಾಹೇಬರು ಗಂಟಲು ಸರಿಮಾಡಿಕೊಂಡು, ರೈಲು ಬರುವುದನ್ನು ಸಾರುವ ದನಿಯಲ್ಲಿ ಮೊದಲ ಸಾಲಿನಿಂದ ಓದತೊಡಗಿದರು. ಒಂದು ಸಾಲು ಇಂಗ್ಲಿಷಿನಲ್ಲಿ, ಅದೇ ಸಾಲು ಕನ್ನಡದಲ್ಲಿ. ಕೊನೆಯ ಎರಡು ಸಾಲನ್ನು ಚಾಚಾ ಎರಡು ಸಲ ಓದಿಸಿದರು. ಇಡೀ ಸಾಲುಮನೆಗಳಿಗೆ ಕೇಳಿಸಿತು.

ಅವರು ಮರಳಿ ಬಂದು ಫೋನನ್ನು ನನ್ನ ಕೈಗಿಟ್ಟರು. ಬಾಜಿನ ತುದಿಗೆ ಕೂತರು. ಸ್ವಲ್ಪ ಹೊತ್ತು ಚಿಪ್ಪುಗಳನ್ನು ಅತ್ತಿತ್ತ ಸರಿಸಿದರು.

"ಈ ಸಲ ಬರೋಬ್ಬರಿ ಓದೀರಿ," ಎಂದರು.

ಆಮೇಲೆ ಒಳಕ್ಕೆ ತಿರುಗಿ ದನಿ ಎತ್ತರಿಸಿದರು. "ಏ, ಕೇಳಿಸ್ತೇನು? ನನ್ನ ಸ್ವೆಟರ್ ಎಲ್ಲಿಟ್ಟಿ?"